ಕೊನೆಗೆ ಚೀಟಿ ಎತ್ತೋರಿಗೆ ಅನ್ಯಾಯ ಆಗುತ್ತಾ?

ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇಂಟರ್ನಲ್ಸ್ ಮುಗಿದ ದಿನ ಸಂಜೆ ನಾವು ಐದು ಜನ ಕ್ಯಾಂಟೀನಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದ್ವಿ: ನಮಗೆ ಅನ್ಯಾಯ ಆಗಿದೆ.

ವಿಷಯ ಇಷ್ಟೇ. ನಮ್ಮ ಬ್ಯಾಚಲ್ಲಿ 20 ಜನ. ಒಂದು ರೌಂಡಿಗೆ 4 ಜನರ ಹಾಗೆ ರೋಲ್ ನಂಬರ್ ಪ್ರಕಾರ ಒಳಗೆ ಕರೀತಾರೆ. ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರೊಳಗೆ 12 ಚೀಟಿ, ಒಂದೊಂದು ಚೀಟಿಗೆ ಒಂದೊಂದು ಪ್ರೋಗ್ರಾಂ. ಒಬ್ಬರು ಎತ್ತಿದ ಚೀಟಿ ಡಬ್ಬಿಗೆ ವಾಪಸ್ ಹೋಗಲ್ಲ. ನಾಲ್ಕೂ ಜನ ಎತ್ತಿದ ಮೇಲೆ ಮುಂದಿನ ರೌಂಡಿಗೆ ಮತ್ತೆ 12 ಚೀಟಿ ತುಂಬಿಸ್ತಾರೆ. ಹನ್ನೆರಡರಲ್ಲಿ ಮೂರು ಪ್ರೋಗ್ರಾಂ ಕಂಡ್ರೆ ಎಲ್ಲರಿಗೂ ಭಯ: ಪಾಲಿನಾಮಿಯಲ್, ಬೈನರಿ ಸರ್ಚ್ ಟ್ರೀ, ಹ್ಯಾಶಿಂಗ್. ಉಳಿದ ಒಂಬತ್ತು ಪರವಾಗಿಲ್ಲ.

ನಾವು ಐದೂ ಜನ ನಮ್ಮ ನಮ್ಮ ರೌಂಡಲ್ಲಿ ನಾಲ್ಕನೆಯವರು. ಐವರಲ್ಲಿ ಮೂವರಿಗೆ ಕಷ್ಟದ ಚೀಟಿ ಬಂತು. "ಮುಂದಿರೋರು ಒಳ್ಳೆ ಚೀಟಿ ಎತ್ಕೊಂಡು ಹೋಗ್ತಾರೆ, ನಮಗೆ ಉಳಿದಿದ್ದು ಬಳಿದಿದ್ದು" ಅಂತ ನಮ್ಮಲ್ಲೊಬ್ಬ ಅಂದ. ಎಲ್ಲರೂ ಹೌದು ಅಂದ್ವಿ. ಮುಂದಿನ ಸಲ ಕೊನೆಯಿಂದ ಕರೀಬೇಕು ಅಂತ ಮೇಡಂ ಹತ್ರ ಹೋಗಿ ಕೇಳಿದ್ವಿ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ನಾಲ್ಕನೆಯವರಿಗೆ ನಷ್ಟ ಅಂತ ಲೆಕ್ಕ ಮಾಡಿ ತೋರಿಸ್ರಪ್ಪಾ. ಲೆಕ್ಕ ಸರಿಯಿದ್ರೆ ಖಂಡಿತ ಬದಲಾಯಿಸ್ತೀನಿ" ಅಂದ್ರು.

ಆ ಲೆಕ್ಕವೇ ಈ ಲೇಖನ. ಒಂದು ವಾರ ಅದರ ಹಿಂದೆ ಬಿದ್ದೆವು. ಮೊದಲು ತಪ್ಪು ಮಾಡಿದ್ವಿ, ಆಮೇಲೆ ನಮ್ಮ ವಾದವನ್ನು ನಾವೇ ಸೋಲಿಸಿಕೊಂಡ್ವಿ, ಕೊನೆಗೆ ನಾವು ಹುಡುಕದೇ ಇದ್ದ ಒಂದು ಜಾಗದಲ್ಲಿ ನಿಜವಾದ ಅನ್ಯಾಯ ಸಿಕ್ಕಿತು.

ಮೊದಲ ಹೆಜ್ಜೆ: ಎಷ್ಟು ರೀತಿಯಲ್ಲಿ ಎತ್ತಬಹುದು?

ಮೊದಲನೆಯವರ ಮುಂದೆ 12 ಚೀಟಿ ಇರುತ್ತವೆ, ಆದ್ದರಿಂದ 12 ಆಯ್ಕೆ. ಅದು ವಾಪಸ್ ಹೋಗದ ಕಾರಣ ಎರಡನೆಯವರಿಗೆ 11, ಮೂರನೆಯವರಿಗೆ 10, ನಾಲ್ಕನೆಯವರಿಗೆ 9. ಮೊದಲನೆಯವರ ಪ್ರತಿಯೊಂದು ಆಯ್ಕೆಗೂ ಎರಡನೆಯವರ 11 ಆಯ್ಕೆಗಳು ಜೋಡಿಯಾಗುತ್ತವೆ, ಹಾಗಾಗಿ ಕೂಡಿಸುವುದಲ್ಲ, ಗುಣಿಸಬೇಕು.

12 × 11 × 10 × 9 = 11,880

ಇಲ್ಲಿ ಯಾರಿಗೆ ಯಾವ ಚೀಟಿ ಬಂತು ಅನ್ನುವುದು ಮುಖ್ಯ. ನನಗೆ ಹ್ಯಾಶಿಂಗ್, ಪಕ್ಕದವನಿಗೆ ಸ್ಟ್ಯಾಕ್ ಬಂದರೆ ಅದು ಒಂದು ಫಲಿತಾಂಶ. ನನಗೆ ಸ್ಟ್ಯಾಕ್, ಅವನಿಗೆ ಹ್ಯಾಶಿಂಗ್ ಬಂದರೆ ಅದು ಬೇರೆಯದೇ ಫಲಿತಾಂಶ. ಕ್ರಮ ಲೆಕ್ಕಕ್ಕೆ ಬರುವ ಈ ಎಣಿಕೆಗೆ ಕನ್ನಡ ಪಠ್ಯಪುಸ್ತಕದಲ್ಲಿ ಕ್ರಮಯೋಜನೆ ಅನ್ನುತ್ತಾರೆ. ನಾವು ಕ್ಲಾಸಲ್ಲಿ ಪರ್ಮ್ಯುಟೇಶನ್ ಅಂತ ಕಲಿತದ್ದು ಇದನ್ನೇ.

ಈಗ ಯಾರಿಗೆ ಯಾವುದು ಅನ್ನೋದನ್ನ ಬಿಡಿ. ಡಬ್ಬಿಯಿಂದ ಹೊರಗೆ ಬಂದ ನಾಲ್ಕು ಚೀಟಿಗಳು ಯಾವುವು ಅನ್ನೋದಷ್ಟೇ ನೋಡೋಣ. ಅದೇ ನಾಲ್ಕು ಚೀಟಿಗಳನ್ನು ನಾಲ್ಕು ಜನರಿಗೆ 4 × 3 × 2 × 1 = 24 ರೀತಿಯಲ್ಲಿ ಹಂಚಬಹುದು. ಅಂದರೆ 11,880ರ ಎಣಿಕೆಯಲ್ಲಿ ಪ್ರತಿ ನಾಲ್ಕರ ಗುಂಪೂ 24 ಸಲ ಬಂದಿದೆ. ಹಾಗಾಗಿ,

11,880 ÷ 24 = 495

ಇದು ವಿಕಲ್ಪ, ನಮ್ಮ ಭಾಷೆಯಲ್ಲಿ ಕಾಂಬಿನೇಶನ್. ಈ ಲೇಖನದಲ್ಲಿ ಇದನ್ನ '12ರಿಂದ 4 ಆಯ್ಕೆ' ಅಂತ ಬರೀತೀವಿ.

ನಮ್ಮ ನಾಡಿನ ಹಳೇ ಲೆಕ್ಕ

ಈ ಸೂತ್ರವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದಾಗ ಇದಕ್ಕೂ ನಮ್ಮ ನಾಡಿಗೂ ನಂಟಿದೆ ಅಂತ ನಮಗೆ ಗೊತ್ತಿರಲಿಲ್ಲ. ಸುಮಾರು ಕ್ರಿ.ಶ. 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಗ್ರಂಥದ ಆರಂಭದಲ್ಲೇ ಅವರು ಅಮೋಘವರ್ಷನನ್ನು ಹೊಗಳುತ್ತಾರೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ.

ಎಷ್ಟು ವಸ್ತುಗಳಿದ್ದರೂ, ಅದರಲ್ಲಿ ಎಷ್ಟನ್ನು ಆರಿಸಿದರೂ ಕೆಲಸ ಮಾಡುವ ಸಾಮಾನ್ಯ ನಿಯಮ ಆ ಗ್ರಂಥದಲ್ಲಿದೆ. ವಿಧಾನ ಬಹಳ ಸರಳ. ಒಂದು ಸಾಲಿನಲ್ಲಿ ಸಂಖ್ಯೆಗಳನ್ನು ಇಳಿಕೆಯಾಗಿ ಬರೆಯಿರಿ, ಇನ್ನೊಂದು ಸಾಲಿನಲ್ಲಿ 1ರಿಂದ ಏರಿಕೆಯಾಗಿ ಬರೆಯಿರಿ. ಬೇಕಾದಷ್ಟು ಸಂಖ್ಯೆಗಳನ್ನು ಗುಣಿಸಿ, ಮೊದಲ ಸಾಲಿನ ಗುಣಲಬ್ಧವನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಡಬ್ಬಿಗೆ ಹಾಕಿದರೆ, ಮೇಲೆ 12, 11, 10, 9. ಕೆಳಗೆ 1, 2, 3, 4. ಉತ್ತರ ಅದೇ 495.

ಅವರ ಉದಾಹರಣೆಗಳಲ್ಲಿ ಆರು ರುಚಿಗಳ ಲೆಕ್ಕವೂ ಇದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಇವುಗಳಿಂದ ಎಷ್ಟು ಬಗೆಯ ರುಚಿ ಮಾಡಬಹುದು? ಒಂದೊಂದೇ ರುಚಿ ತಗೊಂಡರೆ 6, ಎರಡೆರಡು ಸೇರಿಸಿದರೆ 15, ಮೂರು ಸೇರಿಸಿದರೆ 20, ನಾಲ್ಕಕ್ಕೆ 15, ಐದಕ್ಕೆ 6, ಎಲ್ಲಾ ಆರೂ ಸೇರಿದರೆ 1. ಒಟ್ಟು 63. ಒಮ್ಮೆ ಆರಿಸಿದ ರುಚಿಯನ್ನು ಮತ್ತೆ ಆರಿಸುವ ಹಾಗಿಲ್ಲ, ಯಾವುದನ್ನು ಮೊದಲು ಹಾಕಿದಿರಿ ಅನ್ನೋದೂ ಲೆಕ್ಕಕ್ಕಿಲ್ಲ. ಅಲ್ಲೂ ನಮ್ಮ ಡಬ್ಬಿಯ ಲೆಕ್ಕವೇ, ಚೀಟಿ ಬದಲು ರುಚಿ ಅಷ್ಟೇ.

ನಾವು ಮಾಡಿದ ತಪ್ಪು

ಈಗ ನಮ್ಮ ಜಗಳಕ್ಕೆ ವಾಪಸ್ ಬರೋಣ. ಮೊದಲ ಪ್ರಶ್ನೆ: ಒಂದು ರೌಂಡಿನ ನಾಲ್ಕೂ ಜನ ಕಷ್ಟದ ಮೂರರಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಎಷ್ಟು?

ನಾಲ್ಕೂ ಚೀಟಿ ಸುಲಭದ ಒಂಬತ್ತರಿಂದಲೇ ಬರಬೇಕು. 9ರಿಂದ 4 ಆಯ್ಕೆ ಅಂದರೆ 126. ಒಟ್ಟು ಫಲಿತಾಂಶ 11,880 ಅಂತ ಆಗಲೇ ಹಾಳೆಯಲ್ಲಿ ಬರೆದಿಟ್ಟಿದ್ವಿ. ಭಾಗಿಸಿದ್ವಿ: 126 ÷ 11,880, ಅಂದರೆ ಸುಮಾರು 1%. "ನೋಡ್ರೋ, ಬರೀ ಒಂದು ಪರ್ಸೆಂಟು!" ಅಂತ ಕೂಗಾಡಿದ್ದೂ ಆಯ್ತು.

ಆದರೆ ಇಂಟರ್ನಲ್ಸಲ್ಲಿ ನಾವು ಐದೂ ರೌಂಡ್ ಕಣ್ಣಾರೆ ನೋಡಿದ್ವಿ. ಒಂದು ರೌಂಡಲ್ಲಿ ನಾಲ್ಕೂ ಜನ ನಗ್ತಾ ಚೀಟಿ ತೋರಿಸಿದ್ದರು. ನೂರಕ್ಕೊಮ್ಮೆ ಆಗಬೇಕಾದ್ದು ಐದರಲ್ಲೇ ಹೇಗಾಯ್ತು ಅಂತ ಅನುಮಾನ ಬಂದು ಮತ್ತೆ ನೋಡಿದಾಗ ತಪ್ಪು ಕಂಡಿತು. ಮೇಲಿನ 126ರಲ್ಲಿ ಕ್ರಮ ಎಣಿಸಿಲ್ಲ, ಕೆಳಗಿನ 11,880ರಲ್ಲಿ ಕ್ರಮ ಎಣಿಸಿದೆ. ಒಂದು ಕಡೆ ಕೆಜಿಯಲ್ಲಿ ತೂಗಿ ಇನ್ನೊಂದು ಕಡೆ ಲೀಟರಲ್ಲಿ ಅಳೆದ ಹಾಗಾಯ್ತು.

ಸರಿಯಾದ ಲೆಕ್ಕವನ್ನು ಎರಡು ರೀತಿ ಮಾಡಬಹುದು.

ಕ್ರಮ ಬಿಟ್ಟು ಎಣಿಸಿದರೆ: 126 ÷ 495 = 0.2545
ಕ್ರಮ ಹಿಡಿದು ಎಣಿಸಿದರೆ: (9 × 8 × 7 × 6) ÷ 11,880 = 3,024 ÷ 11,880 = 0.2545

ಎರಡೂ ಒಂದೇ. ಯಾಕಂದರೆ ಮೇಲೂ ಕೆಳಗೂ 24ರಿಂದ ಗುಣಿಸಿದ್ದೇವೆ, ಅದು ಹೊಡೆದು ಹೋಗುತ್ತದೆ. ನಮಗೆ ಇಲ್ಲಿ ಅರ್ಥ ಆಗಿದ್ದು ಇಷ್ಟು: ಪರ್ಮ್ಯುಟೇಶನ್ ಬಳಸಬೇಕಾ ಕಾಂಬಿನೇಶನ್ ಬಳಸಬೇಕಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು, 'ಒಂದು ಫಲಿತಾಂಶ' ಅಂದರೆ ಏನು ಅಂತ ಒಂದು ಸಾಲಲ್ಲಿ ಬರೆದುಕೊಳ್ಳಬೇಕು. ಆಮೇಲೆ ಮೇಲೂ ಕೆಳಗೂ ಅದನ್ನೇ ಎಣಿಸಬೇಕು. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವ ಜಾಗ ಹೆಚ್ಚಾಗಿ ಇದೇ.

ಉಳಿದ ಗುಂಪುಗಳನ್ನೂ ಎಣಿಸಿ ತಾಳೆ ನೋಡಿದ್ವಿ. ಕಷ್ಟದವು 3, ಸುಲಭದವು 9.

ಕಷ್ಟದ್ದು ಒಂದೂ ಬಾರದೆ: 126
ಸರಿಯಾಗಿ ಒಂದು: 3 × 84 = 252
ಸರಿಯಾಗಿ ಎರಡು: 3 × 36 = 108
ಮೂರೂ: 1 × 9 = 9

ಒಟ್ಟು 126 + 252 + 108 + 9 = 495. ಲೆಕ್ಕ ಕೂಡಿತು. ಅಂದರೆ ಒಂದು ರೌಂಡಲ್ಲಿ ಯಾರಾದರೂ ಒಬ್ಬರಿಗಾದರೂ ಕಷ್ಟದ ಚೀಟಿ ಬರುವ ಸಾಧ್ಯತೆ 74.5%. ನಾಲ್ಕು ರೌಂಡಲ್ಲಿ ಸುಮಾರು ಮೂರರಲ್ಲಿ ಯಾರೋ ಒಬ್ಬರು ಮುಖ ಸಪ್ಪೆ ಮಾಡಿಕೊಂಡು ಬರುವುದು ಸಹಜವೇ.

ನಾಲ್ಕನೆಯವರ ಪಾಲು

ಈಗ ಅಸಲಿ ಪ್ರಶ್ನೆ. ನಾಲ್ಕನೆಯವರಿಗೆ ಕಷ್ಟದ ಚೀಟಿ ಬರುವ ಸಾಧ್ಯತೆ ಎಷ್ಟು?

ಮುಂದಿನ ಮೂವರಿಗೆ ಏನು ಬಂತು ಅನ್ನುವುದರ ಮೇಲೆ ನಾಲ್ಕು ಸಂದರ್ಭಗಳಿವೆ. ಮೂವರು ಎತ್ತುವ ಒಟ್ಟು ರೀತಿ 12 × 11 × 10 = 1,320.

ಮೂವರಿಗೂ ಸುಲಭದ್ದು: 504 ರೀತಿ. ಆಗ ಡಬ್ಬಿಯಲ್ಲಿ 9 ಚೀಟಿ, ಕಷ್ಟದ್ದು 3. ನಾಲ್ಕನೆಯವರ ಅಪಾಯ 3/9.
ಒಬ್ಬರಿಗೆ ಕಷ್ಟದ್ದು: 648 ರೀತಿ. ಅಪಾಯ 2/9.
ಇಬ್ಬರಿಗೆ ಕಷ್ಟದ್ದು: 162 ರೀತಿ. ಅಪಾಯ 1/9.
ಮೂವರಿಗೂ ಕಷ್ಟದ್ದು: 6 ರೀತಿ. ಅಪಾಯ ಸೊನ್ನೆ.

ಒಂದೊಂದನ್ನೂ ಗುಣಿಸಿ ಕೂಡಿಸಿದರೆ 168 + 144 + 18 + 0 = 330. ಅದನ್ನು 1,320ರಿಂದ ಭಾಗಿಸಿದರೆ ಸರಿಯಾಗಿ 1/4.

ಮೊದಲನೆಯವರ ಅಪಾಯ? 3/12, ಅದೂ 1/4!

ಹಾಳೆ ನೋಡ್ತಾ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇದನ್ನೇ ಒಂದೇ ಸಾಲಲ್ಲಿ ನೋಡುವ ದಾರಿಯೂ ಸಿಕ್ಕಿತು. ನಾಲ್ಕನೆಯವರ ಚೀಟಿಯನ್ನೇ ಮೊದಲು ನಿರ್ಧರಿಸಿ: ಅದು ಕಷ್ಟದ ಮೂರರಲ್ಲಿ ಒಂದು, ಅಂದರೆ 3 ರೀತಿ. ಉಳಿದ ಮೂವರಿಗೆ ಉಳಿದ 11ರಿಂದ 11 × 10 × 9 = 990 ರೀತಿ. 3 × 990 = 2,970. ಅದನ್ನು 11,880ರಿಂದ ಭಾಗಿಸಿದರೆ ಮತ್ತೆ 1/4.

ಇನ್ನೂ ಸುಲಭವಾಗಿ ಹೇಳಬೇಕಂದ್ರೆ, ಡಬ್ಬಿ ಚೆನ್ನಾಗಿ ಕುಲುಕಿ ಹನ್ನೆರಡೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ ಅಂದುಕೊಳ್ಳಿ. ಮೊದಲ ಚೀಟಿ ಮೊದಲನೆಯವರಿಗೆ, ನಾಲ್ಕನೆಯದು ನಾಲ್ಕನೆಯವರಿಗೆ. ಹ್ಯಾಶಿಂಗ್ ಚೀಟಿ ಈ ಸಾಲಿನ ಹನ್ನೆರಡು ಜಾಗಗಳಲ್ಲಿ ಯಾವುದರಲ್ಲಿ ಬೇಕಾದರೂ ಕೂತಿರಬಹುದು, ನಾಲ್ಕನೇ ಜಾಗದ ಮೇಲೆ ಅದಕ್ಕೇನೂ ವಿಶೇಷ ಪ್ರೀತಿ ಇಲ್ಲ.

ಹಾಗಾದರೆ ಸರದಿಯಲ್ಲಿ ನಿಂತಾಗ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗೋದು ಸುಳ್ಳಾ? ಸುಳ್ಳಲ್ಲ. ಮುಂದಿನ ಮೂವರೂ ಸುಲಭದ ಚೀಟಿ ತೋರಿಸಿದರೆ ಆ ಕ್ಷಣಕ್ಕೆ ನಮ್ಮ ಅಪಾಯ 1/4ರಿಂದ 1/3ಕ್ಕೆ ಏರುತ್ತದೆ, ಭಯ ಸರಿಯೇ. ಆದರೆ ಅವರಲ್ಲಿ ಇಬ್ಬರಿಗೆ ಕಷ್ಟದ್ದು ಬಂದರೆ ನಮ್ಮ ಅಪಾಯ 1/9ಕ್ಕೆ ಇಳಿಯುತ್ತದೆ. ಆ ದಿನಗಳು ನಮಗೆ ನೆನಪಿರಲ್ಲ, ಅಷ್ಟೇ. ಚೀಟಿ ನೋಡುವ ಮೊದಲಿನ ಅಪಾಯ ಒಂದು, ಬೇರೆಯವರದ್ದು ನೋಡಿದ ಮೇಲಿನ ಅಪಾಯ ಇನ್ನೊಂದು. ನಾವು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದರ ಮೇಲೆ ದೂರು ಹೇಳಿದ್ವಿ.

ಐವರಲ್ಲಿ ಮೂವರಿಗೆ ಕಷ್ಟದ್ದು ಬಂತಲ್ಲ, ಅದು? ಒಬ್ಬೊಬ್ಬರ ಅಪಾಯ 1/4 ಇದ್ದರೂ, ಐವರಲ್ಲಿ ಮೂವರಿಗೋ ಅದಕ್ಕಿಂತ ಹೆಚ್ಚು ಜನರಿಗೋ ಬರುವ ಸಾಧ್ಯತೆ 106/1,024, ಅಂದರೆ ಸುಮಾರು 10%. ಅಪರೂಪ ಅನ್ನುವಷ್ಟೇನೂ ಅಲ್ಲ. ನಮ್ಮ ಮನವಿ ಅಲ್ಲಿಗೆ ಬಿದ್ದು ಹೋಯ್ತು.

ನಿಜವಾದ ತೂತು

ಸೋತ ಮುಖ ಹೊತ್ತು ಮೇಡಂ ಹತ್ರ ಹೋಗುವ ಹಿಂದಿನ ರಾತ್ರಿ ನಮ್ಮಲ್ಲೊಬ್ಬಳು ಒಂದು ಪ್ರಶ್ನೆ ಕೇಳಿದಳು: "ಚೇಂಜ್ ಕೇಳಿದೋರ ಚೀಟಿ ಎಲ್ಲಿಗೆ ಹೋಯ್ತು?"

ನಮ್ಮ ಲ್ಯಾಬಲ್ಲಿ ಒಂದು ಸಲ ಪ್ರೋಗ್ರಾಂ ಬದಲಾಯಿಸಿಕೊಳ್ಳಬಹುದು. ಸ್ವಲ್ಪ ಮಾರ್ಕ್ಸ್ ಹೋಗುತ್ತೆ, ಆದರೂ ಕಷ್ಟದ್ದು ಬಂದವರು ಬದಲಾಯಿಸಿಕೊಳ್ಳುತ್ತಾರೆ. ಎರಡನೇ ಚೀಟಿ ಎತ್ತಿದ ಮೇಲೆ ಮೊದಲಿನ ಚೀಟಿಯನ್ನು ಮಡಚಿ ಡಬ್ಬಿಗೇ ವಾಪಸ್ ಹಾಕುತ್ತಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ, ಅಭ್ಯಾಸ ಅಷ್ಟೇ. ಆದರೆ ವಾಪಸ್ ಹೋಗುವುದು ಬರೀ ಕಷ್ಟದ ಚೀಟಿಗಳು! ಸುಲಭದವು ಹೊರಗೆ ಹೋಗುತ್ತವೆ, ಕಷ್ಟದವು ಡಬ್ಬಿಯಲ್ಲೇ ಉಳಿಯುತ್ತವೆ. ಸಾಲಾಗಿ ಜೋಡಿಸಿದ ಚೀಟಿಗಳ ಮಾತು ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕಿದ್ವಿ. ಕಷ್ಟದ್ದು ಬಂದವರೆಲ್ಲ ಒಂದು ಸಲ ಬದಲಾಯಿಸುತ್ತಾರೆ ಅಂದುಕೊಳ್ಳೋಣ. ಮೊದಲನೆಯವರು ಎರಡೂ ಸಲ ಕಷ್ಟದ್ದೇ ಎತ್ತಿ ಸಿಕ್ಕಿಬೀಳುವ ಸಾಧ್ಯತೆ (3/12) × (2/11) = 1/22. ಉಳಿದ 21/22 ಭಾಗ ಅವರು ಒಂದು ಸುಲಭದ ಚೀಟಿಯೊಂದಿಗೆ ಹೋಗುತ್ತಾರೆ, ಡಬ್ಬಿಯಲ್ಲಿ 11 ಚೀಟಿ, ಕಷ್ಟದವು ಮೂರೂ ಹಾಗೇ. ಆದ್ದರಿಂದ ಎರಡನೆಯವರ ಮೊದಲ ಚೀಟಿಯೇ ಕಷ್ಟದ್ದಾಗುವ ಸಾಧ್ಯತೆ:

(21/22) × (3/11) + (1/22) × (2/11) = 65/242, ಅಂದರೆ 26.9%

25% ಅಲ್ಲ. ಇದೇ ರೀತಿ ಮುಂದುವರಿಸಿದರೆ ಮೂರನೆಯವರಿಗೆ 29.0%, ನಾಲ್ಕನೆಯವರಿಗೆ 31.5%. ಬದಲಾಯಿಸಿದ ಮೇಲೂ ಕಷ್ಟದ್ದರಲ್ಲೇ ಸಿಕ್ಕಿಬೀಳುವ ಸಾಧ್ಯತೆ ಮೊದಲನೆಯವರಿಗೆ 4.5%, ನಾಲ್ಕನೆಯವರಿಗೆ 7.4%.

ಅನ್ಯಾಯ ಇತ್ತು. ಆದರೆ ಅದು ಕರೆಯುವ ಕ್ರಮದಲ್ಲಿರಲಿಲ್ಲ, ವಾಪಸ್ ಹಾಕುವ ಅಭ್ಯಾಸದಲ್ಲಿತ್ತು. ಕೊನೆಯಿಂದ ಕರೆದಿದ್ದರೆ ಅದೇ ನಷ್ಟ ಮುಂದಿನ ರೋಲ್ ನಂಬರಿನವರ ತಲೆಗೆ ಹೋಗುತ್ತಿತ್ತು, ಅಷ್ಟೇ.

ಬದಲಾಯಿಸಿದ ಚೀಟಿಯನ್ನು ಪಕ್ಕಕ್ಕೆ ಇಟ್ಟರೆ? ಎರಡನೆಯವರು ಎರಡೂ ಸಲ ಸಿಕ್ಕಿಬೀಳುವ ಲೆಕ್ಕ ಮಾಡಿ ನೋಡಿದ್ವಿ. ಮೊದಲನೆಯವರಿಗೆ ಸುಲಭದ್ದು ಬಂದಿದ್ದರೆ (9/12) × (3/11) × (2/10) = 54/1,320. ಮೊದಲನೆಯವರಿಗೆ ಕಷ್ಟದ್ದು ಬಂದು, ಬದಲಾಯಿಸಿ ಸುಲಭದ್ದು ಸಿಕ್ಕಿದ್ದರೆ (3/12) × (9/11) × (2/10) × (1/9) = 6/1,320. ಮೊದಲನೆಯವರಿಗೆ ಎರಡೂ ಕಷ್ಟದ್ದೇ ಬಂದಿದ್ದರೆ ಡಬ್ಬಿಯಲ್ಲಿ ಉಳಿಯುವುದು ಒಂದೇ, ಎರಡು ಸಲ ಸಿಕ್ಕಿಬೀಳಲು ಸಾಧ್ಯವೇ ಇಲ್ಲ. ಕೂಡಿಸಿದರೆ 60/1,320, ಅಂದರೆ 1/22. ಮೊದಲನೆಯವರಿಗೂ ಅಷ್ಟೇ ಇತ್ತು. ಚೀಟಿ ವಾಪಸ್ ಹೋಗದಿದ್ದರೆ ಎಲ್ಲರೂ ಅದೇ ಸಾಲಿನಿಂದ ಮುಂದೆ ಮುಂದೆ ಎತ್ತುತ್ತಾ ಹೋಗುತ್ತಾರೆ, ನಾಲ್ವರಿಗೂ ಸಮ.

ಮೇಡಂ ಹಾಳೆಯನ್ನು ಎರಡು ಸಲ ಓದಿದರು. "ನೀವು ಕೇಳೋಕೆ ಬಂದಿದ್ದು ತಪ್ಪು, ತಗೊಂಡು ಬಂದಿದ್ದು ಸರಿ" ಅಂದ್ರು. ಮುಂದಿನ ಇಂಟರ್ನಲ್ಸಿಗೆ ಸ್ಟೀಲ್ ಡಬ್ಬಿಯ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯೂ ಬಂತು, ಬದಲಾಯಿಸಿದ ಚೀಟಿಗಳಿಗೆ.

ಲ್ಯಾಬಿನ ಹೊರಗೆ

ಇದು ಬರೀ ಚೀಟಿ ಕಥೆ ಅಂದುಕೊಳ್ಳಬೇಡಿ. ಚೀಟಿ ಬದಲು ಸರ್ಕ್ಯೂಟ್ ಬೋರ್ಡ್ ಅಂದುಕೊಳ್ಳಿ. 12 ಬೋರ್ಡುಗಳ ಒಂದು ಬಾಕ್ಸ್, ಅದರಲ್ಲಿ 3 ಕೆಟ್ಟಿವೆ, ನಮಗದು ಗೊತ್ತಿಲ್ಲ. ನಾಲ್ಕನ್ನು ಎತ್ತಿ ಟೆಸ್ಟ್ ಮಾಡಿ, ಎಲ್ಲಾ ಸರಿಯಿದ್ದರೆ ಬಾಕ್ಸ್ ಪಾಸ್ ಅನ್ನುತ್ತೇವೆ. ಟೆಸ್ಟ್ ಆದ ಬೋರ್ಡನ್ನು ವಾಪಸ್ ಹಾಕಿ ಮತ್ತೆ ಅದನ್ನೇ ಎತ್ತುವವರು ಯಾರೂ ಇಲ್ಲ. ಹಾಗಾಗಿ ಕಾಲು ಭಾಗ ಕೆಟ್ಟಿರುವ ಬಾಕ್ಸ್ ಪಾಸಾಗುವ ಸಾಧ್ಯತೆ ಅದೇ 126/495, ಸುಮಾರು ನಾಲ್ಕರಲ್ಲೊಂದು. ನಾಲ್ಕೇ ಬೋರ್ಡ್ ನೋಡಿ ಸಹಿ ಹಾಕುವುದು ಎಷ್ಟು ಅಪಾಯ ಅಂತ ಇದರಿಂದ ಗೊತ್ತಾಗುತ್ತೆ.

ಪ್ರತಿ ಸಲ ವಾಪಸ್ ಹಾಕಿ ಎತ್ತಿದ್ದರೆ ಉತ್ತರ (3/4)ರ ನಾಲ್ಕನೇ ಘಾತ, ಅಂದರೆ 31.6% ಆಗುತ್ತಿತ್ತು. 25.5ಕ್ಕೂ 31.6ಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ. ಆದರೆ ಬಾಕ್ಸಲ್ಲಿ 1,200 ಬೋರ್ಡ್, ಅದರಲ್ಲಿ 300 ಕೆಟ್ಟಿದ್ದರೆ, ನಾಲ್ಕು ಎತ್ತಿದ್ದು ಬಾಕ್ಸಿಗೆ ಗೊತ್ತೇ ಆಗಲ್ಲ, ಎರಡೂ ಲೆಕ್ಕದ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಒಟ್ಟು ಎಷ್ಟಿದೆ, ಅದರಲ್ಲಿ ಎಷ್ಟು ಭಾಗ ಎತ್ತುತ್ತಿದ್ದೇವೆ ಅನ್ನೋದನ್ನ ಮೊದಲು ನೋಡಿ.

ಮನೆಗೆ ಎರಡು ಲೆಕ್ಕ

ಒಂದು: ನೀವು ಮೂರರ ಬದಲು ಎರಡು ಪ್ರೋಗ್ರಾಂ ಮಾತ್ರ ಓದದೆ ಬಿಟ್ಟಿದ್ದೀರಿ. 12 ಚೀಟಿ, ಒಂದು ಸಲ ಬದಲಾಯಿಸಬಹುದು. ಎರಡೂ ಸಲ ಸಿಕ್ಕಿಬೀಳುವ ಸಾಧ್ಯತೆ ಎಷ್ಟು? ಉತ್ತರ 1/66 ಬರಬೇಕು. ಮೂರು ಬಿಟ್ಟಾಗ 1/22 ಇತ್ತು. ಇನ್ನೊಂದೇ ಒಂದು ಪ್ರೋಗ್ರಾಂ ಓದಿದ್ದಕ್ಕೆ ಅಪಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಎರಡು: ನಾಲ್ವರಲ್ಲಿ ಸರಿಯಾಗಿ ಇಬ್ಬರಿಗೆ ಕಷ್ಟದ ಚೀಟಿ ಬಂದಿದೆ ಅಂತ ಮಾತ್ರ ಹೊರಗೆ ಸುದ್ದಿ ಬಂತು. ಆ ಇಬ್ಬರಲ್ಲಿ ನಾಲ್ಕನೆಯವರೂ ಒಬ್ಬರಾಗಿರುವ ಸಾಧ್ಯತೆ ಎಷ್ಟು? ಎಣಿಸುವ ಮೊದಲು, ನಿಮ್ಮ ಫಲಿತಾಂಶ ಏನು ಅಂತ ಒಂದು ಸಾಲು ಬರೆಯಿರಿ. ಉತ್ತರ ತಾನಾಗಿ ಬರುತ್ತೆ.

ಅಂದ ಹಾಗೆ, ಪ್ಲಾಸ್ಟಿಕ್ ಡಬ್ಬಿ ಬಂದ ಆ ಇಂಟರ್ನಲ್ಸಲ್ಲೂ ನಾವು ನಾಲ್ಕನೆಯವರಾಗಿಯೇ ನಿಂತಿದ್ವಿ. ಒಬ್ಬನಿಗೆ ಮತ್ತೆ ಹ್ಯಾಶಿಂಗೇ ಬಂತು. ಈ ಸಲ ಅವನು ಯಾರನ್ನೂ ದೂರಲಿಲ್ಲ, ಚೇಂಜೂ ಕೇಳಲಿಲ್ಲ. ಓದಿಕೊಂಡು ಬಂದಿದ್ದ.